ಹಲಸಿನ ಮರದ ಪೆಡಲು

"ಕೊಟ್ಟಿಗೆಯಲ್ಲಿ ಕೊಳೆಯುತ್ತಾ ಬಿದ್ದಿತ್ತು ಮಾರಾಯ. ನಾನು ಇನ್ನೆರಡು ವರ್ಷ ಕುವೈಟಿನಲ್ಲೇ ಉಳಿದಿದ್ದರೆ ಗುಜರಿಯವನು ತೂಕಕ್ಕೆ ಹಾಕಿ ಕೊಂಡುಹೋಗುತ್ತಿದ್ದ."

ಜಗಲಿಯಲ್ಲಿ ಕೂತು ವಿಠಲ ಇದನ್ನು ಹೇಳುತ್ತಿದ್ದ. ಒಳಗೆ ಮೆಟ್ಟುಕತ್ತಿಯ ಮುಂದೆ ಕೂತು ಮಟ್ಟುಗುಳ್ಳ ಬದನೆ ಹೆಚ್ಚುತ್ತಿದ್ದ ಅವನ ಅಕ್ಕ ಕುಶಲಾಳಿಗೆ ಒಂದಕ್ಷರ ಬಿಡದೆ ಕೇಳಿಸಿತು. ಹಳೆಯ ಕಾರು ಹೊಸದಾಗಿ ಗ್ಯಾರೇಜಿನಿಂದ ಬರಲಿದ್ದ ಆ ವಾರ ಕಾಪುವಿನ ಈ ಮನೆಗೆ ಯಾರೇ ಬಂದರೂ ಮೊದಲು ಚಹಾ, ಆಮೇಲೆ ಈ ಮಾತು. ಹೇಳಿದಷ್ಟೂ ಕಾರಿನ ಕೊಳೆ ಹೆಚ್ಚುತ್ತಿತ್ತು. ಶುರುವಿನಲ್ಲಿ ಬರಿಯ ಧೂಳು ಇದ್ದದ್ದು ಆಮೇಲೆ ತುಕ್ಕಾಯಿತು. ಇವತ್ತು ಸೀಟಿನೊಳಗೆ ಇಲಿ ಮರಿ ಹಾಕಿತ್ತು.

ಇಲಿ! ಕುಶಲಾ ಕೈಯ ಗುಳ್ಳವನ್ನು ಕೆಳಗಿಟ್ಟಳು. ಹತ್ತು ವರ್ಷ ಆ ಕಾರಿನೊಳಗೆ ಒಂದು ಜಿರಲೆ ನುಗ್ಗಲೂ ಅವಳು ಬಿಟ್ಟಿರಲಿಲ್ಲ.

ಕಾಪುವಿನ ಕಡಲಗಾಳಿ ಕಬ್ಬಿಣವನ್ನು ಬದುಕಲು ಬಿಡುವುದಿಲ್ಲ. ಕಿಟಕಿಯ ಸರಳು, ಬಾವಿಯ ರಾಟೆ, ಬಾಗಿಲ ಚಿಲಕ, ಎಲ್ಲವನ್ನೂ ತಿಂದು ಹಾಕುತ್ತದೆ. ಅಂಥ ಗಾಳಿಯಿಂದ ಅವಳು ಹದಿನೆಂಟು ಅಡಿ ಉದ್ದದ ಒಂದು ಅಮೆರಿಕನ್ ಕಾರನ್ನು ಕಾದಿದ್ದಳು. ಗಾಲಿ ನೆಲಕ್ಕೆ ತಾಗದ ಹಾಗೆ ಮುರಕಲ್ಲಿನ ಮೇಲೆ ನಿಲ್ಲಿಸಿದ್ದಳು. ಹೊಳೆಯುವ ಪಟ್ಟಿಗಳಿಗೆಲ್ಲ ತೆಂಗಿನೆಣ್ಣೆ ಸವರುತ್ತಿದ್ದಳು. ಮಳೆಗಾಲ ಮುಗಿದ ಕೂಡಲೇ ಚಾಪೆ ಹಾಸಿ, ಮಲಗಿಕೊಂಡು ಕಾರಿನ ಅಡಿಗೆ ಹೋಗಿ ಗೇರ್‌ಬಾಕ್ಸಿನ ಹಳೆಯ ಎಣ್ಣೆ ಬಳಿದು ಬರುತ್ತಿದ್ದಳು. ಆ ವಾಸನೆ ತಲೆಕೂದಲಿನಿಂದ ಹೋಗಲು ದಿನಗಳೇ ಬೇಕಾಗುತ್ತಿದ್ದವು. ಕೊಳೆತ ಕಾರನ್ನು ಯಾರಾದರೂ ಹೊಸದು ಮಾಡುವುದು ಹೇಗೆ? ಕೊಳೆಯದ ಕಾರಾದ್ದರಿಂದಲ್ಲವೇ ಇವನು ಕುವೈಟಿನಿಂದ ತಂದ ಎಂಜಿನ್ನಿಗೆ ಕೂರಲು ಒಂದು ಜಾಗ ಇದ್ದದ್ದು?

ಹೊರಗೆ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ವಿಠಲ ಅವಳಿಗೆ ಒಂದು ಮಾತು ಕೊಟ್ಟಿದ್ದ. ಆ ಮಾತಿಗಾಗಿ ಅವಳು ಇಲಿಯನ್ನೂ ನುಂಗಿಕೊಂಡಳು.

*

ಕಾರು ಅಣ್ಣು ಮಾವನದು. ಮಾವ ಎಂದರೆ ಅಮ್ಮನ ಅಣ್ಣ. ಬೊಂಬಾಯಿಯಲ್ಲಿ ಹೋಟೆಲು ನಡೆಸಿದವರು, ಮದುವೆಯಾಗಲಿಲ್ಲ. ಯಾವುದೋ ದೇಶದ ಕಾನ್ಸುಲೇಟಿನವರು ಬಿಟ್ಟುಹೋದ ಇಂಪಾಲಾ ಕಾರನ್ನು ಹರಾಜಿನಲ್ಲಿ ಹಿಡಿದು ಅರವತ್ತೇಳರಲ್ಲಿ ಊರಿಗೆ ತಂದರು. ಎರಡೇ ಬಾಗಿಲು, ಎಂಟು ಸಿಲಿಂಡರು, ಕಡುಕೆಂಪು ಬಣ್ಣ, ಸ್ಟಿಯರಿಂಗು ಎಡಬದಿಗೆ. ಕಾರು ಬಂದು ಆರು ತಿಂಗಳಾಗುವಾಗ ಅವರಿಗೆ ಪಾರ್ಶ್ವವಾಯು ಬಡಿದು ಬಲಗಾಲು ನಿಂತುಹೋಯಿತು.

ಅದೇ ವರ್ಷ ಕುಶಲಾ ಗಂಡನ ಮನೆ ಬಿಟ್ಟು ಒಂದು ಟ್ರಂಕಿನೊಂದಿಗೆ ಇಲ್ಲಿಗೆ ಬಂದದ್ದು. ಅಳಿಯಸಂತಾನದ ಮನೆ, ಅಮ್ಮನಿಂದ ಮಗಳಿಗೆ ಬರುವ ಮನೆ. ಯಾಕೆ ಬಂದೆ ಎಂದು ಬಾಯಿಬಿಟ್ಟು ಕೇಳುವ ಹಕ್ಕು ಯಾರಿಗೂ ಇರಲಿಲ್ಲ. ಬಾಯಿ ಬಿಡದೆ ಕೇಳುವ ರೀತಿಗಳು ಊರಿನಲ್ಲಿ ಬೇಕಾದಷ್ಟು ಇದ್ದವು. ಮಾವ ಮಾತ್ರ ಮಂಚದಿಂದಲೇ ಅವಳನ್ನು ಒಮ್ಮೆ ನೋಡಿ, "ಬಂದೆಯಾ? ಒಳ್ಳೆಯದಾಯಿತು. ನನ್ನದೊಂದು ಕಾಲು ಹೋಗಿದೆ, ನಿನ್ನದು ಎರಡೂ ಸರಿ ಉಂಟಲ್ಲ? ಕಾರು ಕಲಿ" ಎಂದರು.

ಕಾಲು ಸರಿ ಇತ್ತು, ಉದ್ದ ಸಾಲಲಿಲ್ಲ. ಕುಶಲಾ ಕುಳ್ಳಿ. ಸೀಟಿನ ತುದಿಗೆ ಜಾರಿ ಕೂತರೂ ಹೆಬ್ಬೆರಳು ಮಾತ್ರ ಕ್ಲಚ್ಚನ್ನು ಮುಟ್ಟುತ್ತಿತ್ತು. ಮಾವ ಆಚಾರಿಯನ್ನು ಕರೆಸಿ, ಹಲಸಿನ ಮರದ ಮೂರು ತುಂಡು ಕೆತ್ತಿಸಿ, ಮೂರು ಪೆಡಲಿಗೂ ತಿರುಪು ಹಾಕಿ ಕೂರಿಸಿದರು. ಅವಳು ಬರಿಗಾಲಿನಲ್ಲೇ ಓಡಿಸುತ್ತಿದ್ದದ್ದು. ವರ್ಷಗಳು ಹೋದ ಹಾಗೆ ಆ ಹಳದಿ ಮರದಲ್ಲಿ ಅವಳ ಪಾದದ ಗುಳಿ ಬಿತ್ತು. ಕತ್ತಲೆಯಲ್ಲಿ ಕಾಲಿಟ್ಟರೂ ಯಾವುದು ಯಾವುದೆಂದು ಗೊತ್ತಾಗುತ್ತಿತ್ತು.

ಪ್ರತಿ ಮಂಗಳವಾರ ಮಾವನನ್ನು ಕಾಲಿನ ವ್ಯಾಯಾಮಕ್ಕೆ ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಎಡಗಡೆ ಕೂತು ಓಡಿಸುವವಳಿಗೆ ಮುಂದಿನ ಲಾರಿಯನ್ನು ಹಿಂದೆ ಹಾಕಲು ಎದುರಿನ ರಸ್ತೆಯೇ ಕಾಣಿಸುವುದಿಲ್ಲ. ಬಲಬದಿಯ ಸೀಟಿನಲ್ಲಿ ಕೂತ ಮಾವ ಕತ್ತು ಹೊರಗೆ ಹಾಕಿ ನೋಡಿ ಹೇಳುತ್ತಿದ್ದರು. "ಉಂಟು" ಎಂದರೆ ಎದುರಿನಿಂದ ಗಾಡಿ ಬರುತ್ತಿದೆ, ತಡೆದುಕೋ. "ಇಲ್ಲ" ಎಂದರೆ ಹೋಗು. ಹಿಂದಿನ ಸೀಟಿನಲ್ಲಿ ನೆರೆಮನೆಯ ಬರ್ತಾಬಾಯಿ; ಮಣಿಪಾಲದ ಆಸ್ಪತ್ರೆಯಲ್ಲೇ ಆಯಾ, ಮಂಗಳವಾರ ಮಾತ್ರ ಬಸ್ಸು ಬಿಟ್ಟು ರಾಣಿಯ ಹಾಗೆ ಡ್ಯೂಟಿಗೆ ಹೋಗುವವರು. ಕಟಪಾಡಿಯ ಪೇಟೆಯಲ್ಲಿ ಜನ ಅಂಗಡಿಯಿಂದ ಹೊರಗೆ ಬಂದು ನೋಡುತ್ತಿದ್ದರು. "ಗಂಡನನ್ನು ಓಡಿಸಿದವಳು ಈಗ ಕಾರು ಓಡಿಸುತ್ತಾಳೆ" ಎಂದು ಒಮ್ಮೆ ಯಾರೋ ಕೇಳಿಸುವ ಹಾಗೆ ಹೇಳಿದಾಗ ಮಾವ ಆ ಕಡೆಗೆ ಕೈ ಮುಗಿದು, "ಹೌದು ಸ್ವಾಮಿ, ಮುಂದೆ ನಿಂತರೆ ನಿಮ್ಮನ್ನೂ ಓಡಿಸುತ್ತಾಳೆ" ಎಂದಿದ್ದರು.

ಎಪ್ಪತ್ತನಾಲ್ಕರಲ್ಲಿ ಮಾವ ಹೋದರು. ಪೆಟ್ರೋಲಿನ ಬೆಲೆ ಏರಿದ ಕಾಲ. ಕಾರು ಕೊಟ್ಟಿಗೆಗೆ ಹೋಯಿತು. ಕುಶಲಾ ಲೈಸೆನ್ಸನ್ನು ಮಾತ್ರ ಸಾಯಲು ಬಿಡಲಿಲ್ಲ. ನವೀಕರಿಸಲು ಉಡುಪಿಗೆ ಹೋದಾಗ ಗುಮಾಸ್ತ, "ಯಾವ ಗಾಡಿ ಓಡಿಸುತ್ತೀರಿ ಅಮ್ಮ?" ಎಂದು ಕೇಳಿದರೆ "ನಿಂತ ಗಾಡಿ" ಎಂದು ಬಂದಿದ್ದಳು.

*

ವಿಠಲ ಅವಳ ಒಬ್ಬನೇ ತಮ್ಮ. ಕುವೈಟಿನಿಂದ ಹೆಂಡತಿ ಚಂಪಾಳೊಂದಿಗೆ ವಾಪಸು ಬಂದು, ಮನೆಯ ಹಿರಿಯ ಗಂಡಸು ಎಂಬ ಲೆಕ್ಕದಲ್ಲಿ ಯಜಮಾನನಾದ. ಮನೆ ಅಕ್ಕನದು, ಯಜಮಾನಿಕೆ ತಮ್ಮನದು. ಈ ಮನೆಗಳ ರೀತಿಯೇ ಹಾಗೆ. ದೀಪ ಹಚ್ಚುವ ಕೈ ಒಂದು, ಕೀಲಿಕೈ ಇರುವ ಸೊಂಟ ಇನ್ನೊಂದು.

ಬರುವಾಗ ಅವನು ಬೊಂಬಾಯಿಯ ಬಂದರಿನಲ್ಲಿ ಒಂದು ಮರದ ಪೆಟ್ಟಿಗೆ ಇಳಿಸಿಕೊಂಡಿದ್ದ. ಅದರಲ್ಲಿ ಕುವೈಟಿನಲ್ಲಿ ಅಪಘಾತವಾದ ಯಾವುದೋ ಕಾರಿನ ಎಂಜಿನ್ನು. ಇಂಪಾಲಾದ ಹಳೆಯ ಎಂಜಿನ್ನಿಗಿಂತ ಎಷ್ಟೋ ಹೊಸದು, ಎಷ್ಟೋ ದೊಡ್ಡದು. ಜೊತೆಗೆ ಡಿಸ್ಕ್ ಬ್ರೇಕು, ಪವರ್ ಸ್ಟಿಯರಿಂಗು, ಅಗಲದ ರೇಡಿಯಲ್ ಟಯರು, ಸ್ಟಿಯರಿಂಗಿನ ಬದಿಯ ಬದಲು ನೆಲದಿಂದ ಎದ್ದು ನಿಲ್ಲುವ ನಾಲ್ಕರ ಗೇರು.

"ಅಕ್ಕ, ಕಾರ್ಕಳದ ಮೆಕ್ಯಾನಿಕ್ ಬೆಂಜಮಿನ್ ಹತ್ತಿರ ಕೊಡುವ. ಹೊರಗೆ ಅದೇ ಹಳೆಯ ಇಂಪಾಲಾ, ಒಳಗೆ ಹುಲಿ. ಬಂದ ದಿನ ಕೀಲಿಕೈ ನಿನ್ನ ಕೈಯಲ್ಲಿ. ಮೊದಲು ಓಡಿಸುವುದು ನೀನೇ."

ಆ ಮಾತಿಗೆ ಅವಳು ಕೊಟ್ಟಿಗೆಯ ಬಾಗಿಲು ತೆರೆದಳು. ಕಾರನ್ನು ಲಾರಿಯ ಹಿಂದೆ ಕಟ್ಟಿ ಶಿರ್ವದ ದಾರಿಯಾಗಿ ಕಾರ್ಕಳಕ್ಕೆ ಎಳೆದುಕೊಂಡು ಹೋಗುವಾಗ ಗೇಟಿನವರೆಗೂ ನಡೆದು ಬಂದು, ಅದರ ಬೆನ್ನನ್ನು ಮುಟ್ಟಿ ನಿಂತಿದ್ದಳು. ಆಮೇಲಿನ ತಿಂಗಳುಗಳಲ್ಲಿ ಅವಳಿಗೆ ಕನಸಿನಲ್ಲಿ ಕೂಡ ಕಾಲು ಅಲ್ಲಾಡುತ್ತಿತ್ತು. ಎಡಗಾಲು ಒತ್ತುತ್ತದೆ, ಬಲಗಾಲು ಏಳುತ್ತದೆ. ನಲವತ್ತಮೂರರ ಹೆಂಗಸು, ಹೊಸ ಬಟ್ಟೆಗೆ ಕಾಯುವ ಮಗುವಿನ ಹಾಗೆ ಕಾಯುತ್ತಿದ್ದೇನಲ್ಲ ಎಂದು ಅವಳಿಗೇ ನಾಚಿಕೆಯಾಗುತ್ತಿತ್ತು. ಕಾದಳು.

*

ಎಂಬತ್ತನಾಲ್ಕರ ಆಯುಧ ಪೂಜೆಯ ಬೆಳಿಗ್ಗೆ ಕಾರು ಬಂತು. ದೂರದ ತಿರುವಿನಲ್ಲೇ ಅದರ ಗುಡುಗು ಕೇಳಿ ತೆಂಗಿನ ಮರದ ಕಾಗೆಗಳು ಎದ್ದವು. ಬೆಂಜಮಿನ್ ಅಂಗಳದ ನಡುವೆ ತಂದು ನಿಲ್ಲಿಸಿ, ಇಳಿದು, ಬಾಗಿಲನ್ನು ಮಗುವಿನ ಕೆನ್ನೆಯ ಹಾಗೆ ತಟ್ಟಿದ. ಚೆನ್ನಾಗಿತ್ತು. ಚೆನ್ನಾಗಿಲ್ಲ ಎಂದು ಹೇಳಲು ಕುಶಲಾಳಿಗೆ ಆಗಲಿಲ್ಲ. ಕೆಂಪು ಬಣ್ಣದಲ್ಲಿ ಆಕಾಶ ಕಾಣಿಸುತ್ತಿತ್ತು. ಜನ ಸೇರಿದ್ದರು. ಉಡುಪಿಯಿಂದ ಒಬ್ಬ ಫೋಟೋದವನೂ ಬಂದಿದ್ದ.

ಅವಳು ಮೊದಲು ನೋಡಿದ್ದು ಪೆಡಲುಗಳನ್ನು.

ಮೂರೂ ಹೊಸವು, ಕಪ್ಪು ರಬ್ಬರು, ಸುತ್ತ ಬೆಳ್ಳಿಯಂಥ ಅಂಚು. ಮೂವರು ಕೂರುತ್ತಿದ್ದ ಮುಂದಿನ ಉದ್ದ ಸೀಟು ಇರಲಿಲ್ಲ. ಅದರ ಜಾಗದಲ್ಲಿ ಬಾಣಲೆಯಂಥ ಎರಡು ಒಂಟಿ ಸೀಟುಗಳು, ವಿಠಲನ ಉದ್ದ ಕಾಲಿಗೆ ಸರಿಯಾಗಿ ಹಿಂದಕ್ಕೆ ಬೋಲ್ಟು ಹಾಕಿ ಬಿಗಿದವು.

"ಬೆಂಜಮಿನ್, ನನ್ನ ಮರದ ತುಂಡು ಎಂತ ಮಾಡಿದಿ?"

ಬೆಂಜಮಿನ್ ವಿಠಲನ ಮುಖ ನೋಡಿದ. "ಅದು... ಸಾಹೇಬರು ತೆಗೆಯಲು ಹೇಳಿದರು ಕುಶಲಕ್ಕ."

"ಒರಿಜಿನಲ್ ಅಲ್ಲ ಅಕ್ಕ ಅದು," ವಿಠಲ ನಕ್ಕ. "ಇಷ್ಟು ಖರ್ಚು ಮಾಡಿ, ಒಳಗೆ ಅಡುಗೆಮನೆಯ ಕಟ್ಟಿಗೆ ಇಟ್ಟುಕೊಳ್ಳುವುದಾ? ನೋಡಿದವರು ಎಂತ ಹೇಳಿಯಾರು?"

"ಈ ಎಂಜಿನ್ ಒರಿಜಿನಲ್ಲಾ?"

"ಅದು ಬೇರೆ ವಿಷಯ."

"ಗೇರು? ಬ್ರೇಕು? ಈ ಸೀಟು?"

"ಅಕ್ಕ, ನಿನಗೆ ಅರ್ಥ ಆಗುವುದಿಲ್ಲ. ಅದೆಲ್ಲ ಇಂಪ್ರೂವ್‌ಮೆಂಟು. ಹೋಗು, ಆರತಿ ತಟ್ಟೆ ತಾ. ಭಟ್ಟರಿಗೆ ಹೊತ್ತಾಯಿತು."

ಅವಳು ಒಳಗೆ ಹೋದಳು. ತಟ್ಟೆಗೆ ಕುಂಕುಮದ ನೀರು ಹಾಕಿದಳು. ಕಾರಿನಲ್ಲಿ ಬದಲಾಗದೆ ಉಳಿದದ್ದು ಯಾವುದು? ಬಣ್ಣ ಹೊಸದು, ಹೊಟ್ಟೆ ಹೊಸದು, ಗಾಲಿ ಹೊಸದು. ಅಷ್ಟೆಲ್ಲ ಹೊಸದರ ನಡುವೆ ಒಪ್ಪಿಗೆಯಾಗದೆ ಹೋದದ್ದು ಮೂರು ತುಂಡು ಹಲಸು. ಅವಳು ಕಾಲು ಇಟ್ಟಿದ್ದ ಜಾಗ ಮಾತ್ರ.

ಹೊರಗೆ ಪೂಜೆ ನಡೆಯಿತು. ವಿಠಲ ಮಣೆಯ ಮೇಲೆ ಕೂತು ಭಟ್ಟರು ಹೇಳಿದ್ದನ್ನು ಹೇಳಿದ. ನಾಲ್ಕು ಗಾಲಿಯ ಮುಂದೆ ನಾಲ್ಕು ಲಿಂಬೆಹಣ್ಣು ಇಟ್ಟರು. ಫೋಟೋದವನು ಎಲ್ಲರನ್ನೂ ಜೋಡಿಸಿದ. ವಿಠಲ ಮುಂದೆ, ಕೈ ಬಾನೆಟ್ಟಿನ ಮೇಲೆ. "ಅಮ್ಮ, ನೀವು ತಟ್ಟೆ ಹಿಡಿದು ಸ್ವಲ್ಪ ಹಿಂದೆ. ಇನ್ನೂ ಹಿಂದೆ. ಕಾರಿಗೆ ಅಡ್ಡ ಬರುತ್ತೀರಿ."

"ಕೊಟ್ಟಿಗೆಯಲ್ಲಿ ಕೊಳೆಯುತ್ತಿದ್ದದ್ದು ಅಂತ ಹೇಳಿದರೆ ಯಾರು ನಂಬುತ್ತಾರೆ ಈಗ?" ವಿಠಲ ಫೋಟೋದವನಿಗೆ ಹೇಳಿದ.

"ಕೊಳೆತಿರಲಿಲ್ಲ," ಕುಶಲಾ ಹೇಳಿದಳು.

ಅಷ್ಟು ಗಟ್ಟಿಯಾಗಿ ಹೇಳಿದೆನೆಂದು ಅವಳಿಗೆ ಗೊತ್ತಾದದ್ದು ಅಂಗಳದ ತಲೆಗಳೆಲ್ಲ ತನ್ನ ಕಡೆಗೆ ತಿರುಗಿದ ಮೇಲೆ.

"ಕೊಳೆತಿರಲಿಲ್ಲ. ನೀನು ಕೊಟ್ಟ ಮಾತು ಉಂಟಲ್ಲ ವಿಠಲ. ಕೀಲಿಕೈ ಕೊಡು."

ವಿಠಲ ಎಲ್ಲರ ಮುಖ ನೋಡಿದ. ಆಮೇಲೆ ನಾಟಕದ ರಾಜನ ಹಾಗೆ ಬಗ್ಗಿ, ಬಾಗಿಲು ತೆರೆದು, ಕೀಲಿಕೈಯನ್ನು ಅಂಗೈಯಲ್ಲಿಟ್ಟು ಚಾಚಿದ. "ಬನ್ನಿ ಮಹಾರಾಣಿ. ಕೊಟ್ಟ ಮಾತಿಗೆ ತಪ್ಪುವವನಲ್ಲ ನಾನು. ಓಡಿಸಿ."

ಅವಳು ಆರತಿ ತಟ್ಟೆಯನ್ನು ಬರ್ತಾಬಾಯಿಯ ಕೈಗೆ ಕೊಟ್ಟು, ಕೀಲಿಕೈ ತೆಗೆದುಕೊಂಡು, ಸೆರಗು ಬಿಗಿದು, ಹತ್ತಿ ಕೂತಳು. ಸೀಟು ಅವಳನ್ನು ಒಳಕ್ಕೆ ನುಂಗಿತು. ಸ್ಟಿಯರಿಂಗಿನ ಮೇಲಿನಿಂದ ಕಾಣಿಸಿದ್ದು ಬಾನೆಟ್ಟಿನ ಮೇಲಿನ ಹೂವಿನ ಹಾರ ಮತ್ತು ಆಕಾಶ. ಕಾಲು ಚಾಚಿದಳು. ಬೆರಳ ತುದಿಗೆ ಗಾಳಿ ಸಿಕ್ಕಿತು. ಇನ್ನಷ್ಟು ಜಾರಿದಳು. ಈಗ ಹಾರವೂ ಕಾಣಿಸಲಿಲ್ಲ.

ಮೊದಲು ನಕ್ಕದ್ದು ರಸ್ತೆಯಾಚೆಯ ಮುದ್ದಣ್ಣ. "ಹೋ! ಡ್ರೈವರು ಕಾಣೆಯಾದರು! ಯಾರಾದರೂ ಒಳಗೆ ಇಣುಕಿ ನೋಡಿ!" ಆಮೇಲೆ ಅಂಗಳವೆಲ್ಲ ನಕ್ಕಿತು. ಬೆಂಜಮಿನ್ ನಗು ತಡೆಯಲು ಕೆಮ್ಮಿದ. ಭಟ್ಟರು ಶಾಲಿನಿಂದ ಬಾಯಿ ಒರೆಸಿಕೊಂಡರು.

"ಸಾಕಾಯಿತಾ ಅಕ್ಕ?" ವಿಠಲ ಬಗ್ಗಿ ಮೃದುವಾಗಿ ಕೇಳಿದ. "ನಾನು ಬೇಡ ಅಂತ ಹೇಳಲಿಲ್ಲ. ನಿನಗೇ ಆಗಲಿಲ್ಲ. ಹಿಂದೆ ಕೂತುಕೋ, ದೇವಸ್ಥಾನಕ್ಕೆ ಒಂದು ಸುತ್ತು ಹಾಕಿಸುತ್ತೇನೆ."

ಅವನ ನಗು ಅವಳಿಗೆ ಅಷ್ಟು ತಾಗಲಿಲ್ಲ, ಆ ಮೃದುತನ ತಾಗಿತು. ಇದೇ ದನಿಯಲ್ಲಿ ಒಂದು ಕಾಲದಲ್ಲಿ ಗಂಡನೂ ಹೇಳುತ್ತಿದ್ದ. ಬಾಗಿಲು ತೆರೆದೇ ಉಂಟು, ನಾನು ಹಿಡಿದಿಟ್ಟಿದ್ದೇನಾ, ನೀನೇ ಹೋಗುವುದಿಲ್ಲ. ಕೈಗೆ ಎಟುಕದ ಹಾಗೆ ಎಲ್ಲವನ್ನೂ ಎತ್ತಿಟ್ಟು, ತೆಗೆದುಕೋ ಎನ್ನುವ ಔದಾರ್ಯ.

ಕುಶಲಾ ಇಳಿದಳು. ಜನ ದಾರಿ ಬಿಟ್ಟರು, ಒಳಗೆ ಹೋಗಿ ಅಳುತ್ತಾಳೆಂದು. ಅವಳು ನೇರ ಭಟ್ಟರ ಮುಂದಕ್ಕೆ ಹೋಗಿ, ಯಜಮಾನನಿಗೆ ಹಾಕಿದ್ದ ಮಣೆಯನ್ನು ಎತ್ತಿಕೊಂಡಳು.

"ಅದು ಪೂಜೆಯ ಮಣೆ!" ಭಟ್ಟರು ಕೂಗಿದರು.

"ಮನೆಯದ್ದು," ಕುಶಲಾ ಹೇಳಿದಳು.

ಮಣೆಯನ್ನು ಸೀಟಿನ ಬೆನ್ನಿಗೆ ನಿಲ್ಲಿಸಿದಳು. ಕೂತು ನೋಡಿದಳು. ಇನ್ನೂ ಸಾಲದು. ಆಗ ಚಂಪಾ, ಈ ಮನೆಗೆ ಬಂದಂದಿನಿಂದ ಗಂಡನ ಎದುರು ಬಾಯಿ ತೆರೆಯದ ಚಂಪಾ, ಒಳಗಿನಿಂದ ಎರಡು ತಲೆದಿಂಬು ತಂದಳು. ಒಂದನ್ನು ಮಣೆಗೆ ಒರಗಿಸಿದಳು, ಇನ್ನೊಂದನ್ನು ಅಡಿಗೆ ಕೊಟ್ಟಳು. "ಈಗ ನೋಡಿ ಅತ್ತಿಗೆ," ಎಂದಳು.

ಕಾಲು ಮುಟ್ಟಿತು. ಮೂರಕ್ಕೂ ಮುಟ್ಟಿತು.

"ಬರ್ತಾಬಾಯಿ, ಬಲಬದಿಗೆ ಬನ್ನಿ. ಬೆಂಜಮಿನ್, ನನ್ನ ತುಂಡು ಎಲ್ಲಿ ಉಂಟು?"

"ಗ್ಯಾರೇಜಿನಲ್ಲಿ ಎಲ್ಲೋ ಬಿದ್ದಿರಬೇಕು ಕುಶಲಕ್ಕ. ನಾಳೆ ಹುಡುಕಿ..."

"ಹಿಂದೆ ಹತ್ತು."

ಎರಡು ಬಾಗಿಲಿನ ಕಾರು. ಮುಂದಿನವರು ಇಳಿಯದೆ ಹಿಂದಿನವನಿಗೆ ಇಳಿಯಲಾಗುವುದಿಲ್ಲ. ಬೆಂಜಮಿನ್‌ಗೆ ಇದು ಹತ್ತಿದ ಮೇಲೆ ನೆನಪಾಯಿತು. ಬರ್ತಾಬಾಯಿ ಆರತಿ ತಟ್ಟೆಯನ್ನು ಮುದ್ದಣ್ಣನ ಕೈಗೆ ಕೊಟ್ಟು, ಸೀರೆ ಒಟ್ಟುಮಾಡಿಕೊಂಡು ಧೊಪ್ಪನೆ ಕೂತರು.

ಎಂಜಿನ್ನು ಎದ್ದಿತು. ಅದರ ನಡುಕ ಮಣೆಯ ಮೂಲಕ ಅವಳ ಬೆನ್ನಿಗೆ ಬಂತು. "ಒಂದನೆಯ ಗೇರು ಎಲ್ಲಿ ಬೆಂಜಮಿನ್?" "ಎಡಕ್ಕೆ ತಂದು ಮೇಲೆ... ಮೆಲ್ಲ ಕುಶಲಕ್ಕ, ಇದು ಹಳೆಯದಲ್ಲ, ಮೆಲ್ಲ..." ಅವಳು ಹಳೆಯ ಕಾರಿಗೆ ಒತ್ತುವಷ್ಟು ಒತ್ತಿದಳು. ನಾಲ್ಕು ಲಿಂಬೆಹಣ್ಣು ಒಟ್ಟಿಗೆ ಪಚಕ್ಕೆಂದವು. ಕಾರು ಹಾರಿ ತುಳಸಿಕಟ್ಟೆಯ ಬುಡದವರೆಗೆ ಹೋಗಿ, ಅವಳು ಬ್ರೇಕು ಮುಟ್ಟಿದ ಕೂಡಲೇ ಗಕ್ಕನೆ ನಿಂತಿತು. ಬರ್ತಾಬಾಯಿ "ಜೇಸು!" ಎಂದರು. ಕುಶಲಾ ಹಿಂದಕ್ಕೆ ತೆಗೆದು, ಗೇಟಿನ ಕಡೆಗೆ ತಿರುಗಿಸಿದಳು.

"ಅಕ್ಕಾ! ಆರತಿ ಆಗಲಿಲ್ಲ!" ವಿಠಲ ಹಿಂದಿನಿಂದ ಓಡಿ ಬರುತ್ತಿದ್ದ.

*

ಅವಳು ಶಿರ್ವದ ದಾರಿ ಹಿಡಿದು ಕಾರ್ಕಳದ ಕಡೆಗೆ ಹೊರಟಳು. ಕಾರು ಮೊದಲಿನಂತಿರಲಿಲ್ಲ. ಸ್ಟಿಯರಿಂಗು ಬೆಣ್ಣೆಯ ಹಾಗೆ ತಿರುಗುತ್ತಿತ್ತು, ಕ್ಲಚ್ಚು ಕಲ್ಲಿನ ಹಾಗಿತ್ತು. ರಬ್ಬರಿನ ಪೆಡಲಿನಲ್ಲಿ ಬರಿಗಾಲು ಜಾರಲಿಲ್ಲ ನಿಜ, ಆದರೆ ಅದು ಯಾರ ಕಾಲನ್ನೂ ಗುರುತಿಸುವ ವಸ್ತುವಾಗಿರಲಿಲ್ಲ. ಒಂದು ಏರಿನಲ್ಲಿ ಅವಳು ಮೂರನೆಯ ಗೇರಿನಲ್ಲಿ ಒತ್ತಿದಾಗ ಇಡೀ ಗುಡ್ಡ ಅವಳ ಕಡೆಗೆ ಧಾವಿಸಿ ಬಂತು. ಸಿಟ್ಟಿನ ನಡುವೆಯೂ ಅವಳ ಹೊಟ್ಟೆಯೊಳಗೆ ಏನೋ ನಕ್ಕಿತು. ಆ ನಗುವಿನ ಮೇಲೂ ಅವಳಿಗೆ ಸಿಟ್ಟು ಬಂತು. ಇದನ್ನು ಅವನೊಬ್ಬನೇ ಇಟ್ಟುಕೊಳ್ಳಲು ನೋಡಿದನಲ್ಲ!

ಬೆಳ್ಮಣ್ಣಿನ ಹತ್ತಿರ ಮುಂದೆ ಬಸ್ಸು. ಬರ್ತಾಬಾಯಿ ಅವಳು ಕೇಳುವ ಮೊದಲೇ ಕತ್ತು ಹೊರಗೆ ಹಾಕಿದರು. "ಉಂಟು... ಉಂಟು... ಒಂದು ಎತ್ತಿನ ಗಾಡಿಯೂ ಉಂಟು ಮಾರಾಯ್ತಿ... ಇಲ್ಲ! ಹೋಗು!"

ಕಾರ್ಕಳದ ಗ್ಯಾರೇಜಿನಲ್ಲಿ ಒಂದು ತುಂಡು ಅಂಬಾಸಿಡರಿನ ಗಾಲಿಗೆ ಒತ್ತಾಗಿತ್ತು. ಇನ್ನೊಂದು ಮೇಜಿನ ಕುಂಟು ಕಾಲಿನ ಅಡಿಯಲ್ಲಿ ಸಿಕ್ಕಿತು. ಮೂರನೆಯದು, ಬಲಗಾಲಿನ ಆಕ್ಸಿಲರೇಟರಿನದು, ಸಿಗಲಿಲ್ಲ. ಬೆಂಜಮಿನ್ ಗ್ಯಾರೇಜಿನ ಮೂಲೆಮೂಲೆ ಗುಡಿಸಿದ. "ಯಾರೋ ಒಲೆಗೆ ಹಾಕಿರಬೇಕು ಕುಶಲಕ್ಕ."

ಅವಳು ಸಿಕ್ಕಿದ ಎರಡನ್ನು ಸೆರಗಿನಿಂದ ಒರೆಸಿದಳು. ಗ್ರೀಸಿನ ಅಡಿಯಲ್ಲಿ ಗುಳಿ ಹಾಗೇ ಇತ್ತು. ಸಿಗದೆ ಹೋದದ್ದರಲ್ಲಿ ಹೆಬ್ಬೆರಳಿನ ಗುರುತು ಎಲ್ಲಕ್ಕಿಂತ ಆಳವಾಗಿತ್ತು. ಆರೇಳು ವರ್ಷದ ಮಂಗಳವಾರಗಳು ಯಾರದೋ ಚಹಾ ಕುದಿಸಿದವು.

"ಹೊಸದು ಕೆತ್ತು," ಎಂದಳು. "ಹಲಸೇ ಆಗಬೇಕು. ಸೀಟನ್ನು ಮುಂದಕ್ಕೆ ತಂದು ಬೋಲ್ಟು ಹಾಕು. ಆಗುವವರೆಗೆ ನಾನು ಇಲ್ಲೇ ಕೂತಿರುತ್ತೇನೆ."

ಕೆಲಸ ಮುಗಿಯುವ ಹೊತ್ತಿಗೆ ಮುದ್ದಣ್ಣನ ಜೀಪಿನಲ್ಲಿ ವಿಠಲ ಬಂದಿಳಿದ. ಮುಖ ಕಾರಿನ ಬಣ್ಣಕ್ಕೆ ತಿರುಗಿತ್ತು. ಬೆಂಜಮಿನ್ ಕೊನೆಯ ತಿರುಪು ಬಿಗಿಯುತ್ತಿದ್ದವನು ತಲೆ ಎತ್ತಲಿಲ್ಲ. ವಿಠಲ ನೇರ ಹತ್ತಿ ಕೂರಲು ನೋಡಿದ. ಮೊಣಕಾಲು ಎರಡೂ ಸ್ಟಿಯರಿಂಗಿಗೆ ಸಿಕ್ಕಿಬಿದ್ದವು.

ಮುದ್ದಣ್ಣ ಬಾಯಿ ತೆರೆದ. ಬರ್ತಾಬಾಯಿ ಅವನನ್ನು ನೋಡಿದರು. ಮುದ್ದಣ್ಣ ಬಾಯಿ ಮುಚ್ಚಿದ.

"ನಾನು ಹೇಗೆ ಓಡಿಸುವುದು ಇದನ್ನು?" ವಿಠಲ ಕೂಗಿದ. "ನನ್ನ ಎಂಜಿನ್! ನನ್ನ ದುಡಿಮೆ!"

"ಎಂಜಿನ್ ನಿನ್ನದೇ. ಬೇಕಾದರೆ ಬಿಚ್ಚಿ ತೆಗೆದುಕೊಂಡು ಹೋಗು. ಕಾರು ಇಲ್ಲಿರುತ್ತದೆ, ನನಗೆ ನಿಂತ ಗಾಡಿಯ ಅಭ್ಯಾಸ ಉಂಟು."

ಅವನು ಕೆಳಗಿಳಿದು ಸೊಂಟದ ಮೇಲೆ ಕೈಯಿಟ್ಟು ನಿಂತ. ಅವಳು ಕಾಯಲಿಲ್ಲ. ಮಣೆಯನ್ನೂ ದಿಂಬುಗಳನ್ನೂ ಹಿಂದಿನ ಸೀಟಿಗೆ ಹಾಕಿ, ತನ್ನ ಜಾಗದಲ್ಲಿ ಕೂತು, ಎಡಗಾಲನ್ನು ಹಳೆಯ ಗುಳಿಯಲ್ಲಿಟ್ಟಳು. ಬರ್ತಾಬಾಯಿ ಹಿಂದಿನ ಸೀಟಿನ ಬಲತುದಿಗೆ ಹೋಗಿ ಕೂತರು.

"ಬಲಬದಿ ಖಾಲಿ ಉಂಟು," ಕುಶಲಾ ಹೇಳಿದಳು. "ಬರುವುದಾದರೆ ಬಾ."

ಬಂದ. ಜೀಪಿನಲ್ಲಿ ಮುದ್ದಣ್ಣನ ಬಾಯಿಗೆ ಸಿಕ್ಕುವುದಕ್ಕಿಂತ ಇದು ಮೇಲೆಂದು ಬಂದಿರಬೇಕು.

ಬೆಳ್ಮಣ್ಣಿನ ಇಳಿಜಾರಿನಲ್ಲಿ ಮುಂದೆ ಹೆಂಚಿನ ಲಾರಿ ಸಿಕ್ಕಿತು, ಆಮೆಯ ಹಾಗೆ ಹೋಗುತ್ತಿತ್ತು. ವಿಠಲ ಕೈಕಟ್ಟಿ ನೇರ ನೋಡುತ್ತಾ ಕೂತಿದ್ದ. ಕುಶಲಾ ಎರಡನೆಯ ಗೇರಿಗೆ ಇಳಿಸಿ ಲಾರಿಯ ಹೊಗೆಯ ಹಿಂದೆಯೇ ಹೋದಳು. ಕುವೈಟಿನ ಹುಲಿ ನಡೆದುಕೊಂಡು ಹೋಯಿತು. ಒಂದು ಸೈಕಲ್ಲು ಅವರನ್ನು ದಾಟಿತು. ಸೈಕಲ್ಲಿನ ಹಿಂದೆ ಕೂತ ಹೆಂಗಸು ತಿರುಗಿ ತಿರುಗಿ ನೋಡಿದಳು.

ವಿಠಲನಿಗೆ ತಡೆಯಲಾಗಲಿಲ್ಲ. ಕತ್ತು ಹೊರಗೆ ಹಾಕಿದ.

"ಇಲ್ಲ," ಎಂದ. ಹಲ್ಲು ಕಚ್ಚಿಕೊಂಡು ಮತ್ತೊಮ್ಮೆ, "ಇಲ್ಲ ಅಕ್ಕ. ಹೋಗು."

ಕುಶಲಾಳ ಬಲಗಾಲು ಹೊಸ ತುಂಡಿನ ಮೇಲೆ ಇತ್ತು. ಅದಿನ್ನೂ ಒರಟು, ಗುಳಿ ಬೀಳಲು ವರ್ಷಗಳು ಬೇಕು. ಅವಳು ಒತ್ತಲಿಲ್ಲ.

"ಬರ್ತಾಬಾಯಿ," ಎಂದಳು, "ನೀವೊಮ್ಮೆ ನೋಡಿ ಹೇಳಿ."